ಗೂಡಿನ ದರ ಹುಟ್ಟುವುದು ನೂಲಿನ ಪೇಟೆಯಲ್ಲಿ

ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿ, ಗೊಬ್ಬರ ಕೊಟ್ಟು, ಹಗಲು ರಾತ್ರಿ ಹುಳುವಿಗೆ ಸೊಪ್ಪು ಹಾಕಿ ನೀವು ಗೂಡು ಬೆಳೆಯುತ್ತೀರಿ. ಮಾರುಕಟ್ಟೆಗೆ ಒಯ್ದ ದಿನ ಹರಾಜಿನಲ್ಲಿ ಹಿಂದಿನ ವಾರಕ್ಕಿಂತ ಕಿಲೋಗೆ ಐವತ್ತು ರೂಪಾಯಿ ಕಡಿಮೆ ಕೂಗಿದರೆ, ರೀಲರುಗಳು ಒಳಗೊಳಗೇ ಮಾತನಾಡಿಕೊಂಡಿದ್ದಾರೆಂದು ಅನುಮಾನ ಬರುವುದು ಸಹಜ. ಒಮ್ಮೊಮ್ಮೆ ಅದು ನಿಜವೂ ಇದ್ದೀತು. ಆದರೆ ಗೂಡಿನ ದರದ ಬೇರು ಹರಾಜು ಕಟ್ಟೆಯಲ್ಲಿಲ್ಲ, ನೂಲಿನ ಸಗಟು ಪೇಟೆಯಲ್ಲಿದೆ. ಆ ಪೇಟೆಯ ರೀತಿಯನ್ನು ಗೂಡು ಬೆಳೆಯುವವರೂ ಅರಿತಿರಬೇಕು.

ಗೂಡು ಕಾಯದು, ನೂಲು ಕಾಯುತ್ತದೆ

ರಾಗಿಯನ್ನು ಕಣಜದಲ್ಲಿಟ್ಟು ದರ ಬಂದಾಗ ಮಾರಬಹುದು. ಗೂಡು ಹಾಗಲ್ಲ. ಒಳಗಿನ ಕೋಶ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಉದ್ದನೆಯ ಎಳೆ ಬಿಚ್ಚಲಾಗದು. ಆದ್ದರಿಂದ ರಾಮನಗರಕ್ಕೋ ಶಿಡ್ಲಘಟ್ಟಕ್ಕೋ ತಂದ ಗೂಡನ್ನು ನೀವು ಅಂದೇ ಮಾರಬೇಕಾಗುತ್ತದೆ.

ಚರಕ ಅಥವಾ ಕಾಟೇಜ್ ಬೇಸಿನ್ ಇಟ್ಟುಕೊಂಡ ಸಣ್ಣ ರೀಲರಿನ ಸ್ಥಿತಿಯೂ ಇದಕ್ಕಿಂತ ಬಹಳ ಮೇಲಲ್ಲ. ನಿನ್ನೆಯ ನೂಲು ಮಾರಿದರೆ ಮಾತ್ರ ಆತನಿಗೆ ನಾಳೆಯ ಗೂಡಿಗೆ ಹಣ. ನೂಲಿನ ವ್ಯಾಪಾರಿಯಿಂದ ಮುಂಗಡ ಪಡೆದಿದ್ದರೆ ನೂಲು ಆ ವ್ಯಾಪಾರಿಗೇ, ಆತ ಹೇಳಿದ ದರಕ್ಕೇ ಹೋಗುತ್ತದೆ. ನೂಲು ಕೆಡುವ ವಸ್ತುವಲ್ಲ. ದುಡ್ಡಿದ್ದವರು ಅದನ್ನು ಕೂಡಿಟ್ಟು ದರಕ್ಕಾಗಿ ಕಾಯಬಲ್ಲರು. ಹೀಗೆ ಕಾಯುವ ಶಕ್ತಿ ಇದ್ದವರ ಮಾತೇ ಪೇಟೆಯಲ್ಲಿ ನಡೆಯುತ್ತದೆ. ಅಲ್ಲಿಂದ ನೂಲು ಹುರಿಯಾಗಿ, ಬಣ್ಣವಾಗಿ ದೊಡ್ಡಬಳ್ಳಾಪುರ, ಮೊಳಕಾಲ್ಮೂರು, ಧರ್ಮಾವರಂ, ಕಂಚಿ, ವಾರಾಣಸಿಯ ಮಗ್ಗಗಳಿಗೆ ಸಾಗುತ್ತದೆ.

ಒಂದು ಸಣ್ಣ ಲೆಕ್ಕ

ಎಂಟು ಕಿಲೋ ಮಿಶ್ರತಳಿ ಗೂಡಿನಿಂದ ಒಂದು ಕಿಲೋ ನೂಲು ಬರುತ್ತದೆಂದು ಇಟ್ಟುಕೊಳ್ಳಿ. ಪೇಟೆಯಲ್ಲಿ ನೂಲಿನ ದರ ಕಿಲೋಗೆ 400 ರೂಪಾಯಿ ಇಳಿದರೆ, ಆ ಇಳಿತವನ್ನು ಎಂಟು ಕಿಲೋ ಗೂಡಿನ ಮೇಲೆ ಹಂಚಬೇಕು. ಕಿಲೋಗೆ 50 ರೂಪಾಯಿ ಆಯಿತು. ಸೌದೆ, ಕೂಲಿ, ವಿದ್ಯುತ್ತಿನ ಖರ್ಚು ಇಳಿಯುವುದಿಲ್ಲ. ಆದಕಾರಣ ಮರುದಿನದ ಹರಾಜಿನಲ್ಲಿ ರೀಲರು ನಿಮ್ಮ ಗೂಡಿಗೇ ಅಷ್ಟು ಕಡಿಮೆ ಕೂಗುತ್ತಾರೆ.

ಈ ಸರಪಳಿಯನ್ನು ಬಲಪಡಿಸಲೆಂದೇ 1959ರ ಕಾಯ್ದೆ ಗೂಡಿನ ಜೊತೆಗೆ ನೂಲಿನ ವ್ಯಾಪಾರವನ್ನೂ ಹತೋಟಿಗೆ ತಂದಿತು. ದರ ಕುಸಿದಾಗ ರೇಷ್ಮೆ ವಿನಿಮಯ ಕೇಂದ್ರದಲ್ಲಿ ತಾನೇ ನೂಲು ಕೊಂಡು ಆಸರೆ ಕೊಡಲೆಂದು 1979ರಲ್ಲಿ ಕರ್ನಾಟಕ ರೇಷ್ಮೆ ಮಾರುಕಟ್ಟೆ ಮಂಡಳಿ ಸ್ಥಾಪನೆಯಾಯಿತು. ಮಂಡಳಿಯ ಬಳಿ ಹಣವಿದ್ದು, ಅದು ಸಕಾಲದಲ್ಲಿ ಪೇಟೆಗೆ ಇಳಿದರೆ ಅದರ ಫಲ ನಿಮ್ಮ ಗೂಡಿಗೂ ಮುಟ್ಟುತ್ತದೆ.

ಚೀನಾದ ನೂಲು, ನೇಕಾರರ ಕಷ್ಟ

2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಲಾಯಿತು. ಗೂಡಿನ ದರ ಕುಸಿದು ರೈತರು ಬೀದಿಗಿಳಿದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2013ರಲ್ಲಿ ಸುಂಕ ಶೇಕಡ 15ಕ್ಕೆ ಏರಿತು. ಮುಂದೆ ಇಳಿದು 10ಕ್ಕೆ ಬಂದಿದ್ದುದನ್ನು 2021ರಲ್ಲಿ ಮರಳಿ 15ಕ್ಕೆ ಏರಿಸಿದರು. ನಡುವೆ 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತವು, ಸೀರೆ ವ್ಯಾಪಾರ ನಿಂತಿತು, ಅದರ ಪೆಟ್ಟು ಹುಳುಮನೆಯವರೆಗೂ ಬಂದಿತು.

ಇನ್ನು ನೇಕಾರರ ಮಾತನ್ನೂ ಕೇಳಬೇಕು. ನೂಲು ದುಬಾರಿಯಾದರೆ ಸೀರೆ ದುಬಾರಿ. ಕೊಳ್ಳುವವರು ಕೃತಕ ದಾರದ ಸೀರೆಯ ಕಡೆ ತಿರುಗುತ್ತಾರೆ. ಅಲ್ಲದೆ ವಿದ್ಯುತ್ ಮಗ್ಗದ ಹಾಸಿಗೆ ಒಂದೇ ದಪ್ಪದ, ಗಂಟಿಲ್ಲದ, ಪದೇ ಪದೇ ಹರಿಯದ ನೂಲು ಬೇಕು. ಚರಕದ ನೂಲು ಹೊಕ್ಕಿಗೆ ಒದಗುತ್ತದೆಯೇ ಹೊರತು ಹಾಸಿಗೆ ಸಾಲದು. ಚೀನಾದ ನೂಲಿಗೆ ದಾರಿಯಾದದ್ದು ಅಗ್ಗದ ದರದಿಂದ ಮಾತ್ರವಲ್ಲ, ಈ ಕೊರತೆಯಿಂದಲೂ ಹೌದು. ಸುಂಕ ಏರಿಸಿದ ಮಾತ್ರಕ್ಕೆ ಈ ಕೊರತೆ ನೀಗುವುದಿಲ್ಲ.

ನಿಮ್ಮ ಕೈಯಲ್ಲಿರುವುದು

ಸುಂಕ ನಿಮ್ಮ ಕೈಯಲ್ಲಿಲ್ಲ, ಗೂಡಿನ ಗುಣ ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಐವತ್ತಾರು ಕಿಲೋ ಗೂಡು, ಎಂಟಕ್ಕೆ ಒಂದರಂತೆ ಬಿಚ್ಚಿದರೆ ಏಳು ಕಿಲೋ ನೂಲು. ಏಳಕ್ಕೆ ಒಂದರಂತೆ ಬಿಚ್ಚಿದರೆ ಎಂಟು ಕಿಲೋ. ಒಂದೇ ತೂಕದ ಗೂಡಿನಲ್ಲಿ ಒಂದು ಕಿಲೋ ನೂಲು ಹೆಚ್ಚು. ನೂರು ಮೊಟ್ಟೆಗೆ ಎಷ್ಟು ಕಿಲೋ ಗೂಡು ಬಂದಿತೆಂದು ಲೆಕ್ಕ ಇಡುವ ನೀವು, ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದಿತೆಂದು ನಿಮ್ಮ ಲಾಟು ಕೊಂಡ ರೀಲರನ್ನು ಕೇಳಿ ಬರೆದಿಡಿ.

ಹುಳು ಹಣ್ಣಾದಾಗ ಚಂದ್ರಿಕೆಯಲ್ಲಿ ಚದರ ಅಡಿಗೆ 40ರಿಂದ 50ಕ್ಕಿಂತ ಹೆಚ್ಚು ಹುಳು ಬಿಡಬೇಡಿ. ದಟ್ಟವಾದರೆ ಜೋಡಿ ಗೂಡು, ಕಲೆ ಗೂಡು ಹೆಚ್ಚುತ್ತವೆ. ಗೂಡು ಕಟ್ಟುವಾಗ ಗಾಳಿಯಾಡಬೇಕು. ತೇವ ನಿಂತರೆ ಎಳೆ ಸಲೀಸಾಗಿ ಬಿಚ್ಚುವುದಿಲ್ಲ. ಮಿಶ್ರತಳಿಯನ್ನು ಐದಾರನೆಯ ದಿನ, ದ್ವಿತಳಿಯನ್ನು ಏಳೆಂಟನೆಯ ದಿನ ಬಿಡಿಸಿ. ದರದ ಆಸೆಗೆ ಅವಸರಪಟ್ಟರೆ ಎಳೆಯ ಕೋಶ ಒಡೆದು ಒಳ್ಳೆಯ ಗೂಡೂ ಕೆಡುತ್ತದೆ. ಜೋಡಿ, ಕಲೆ, ತೆಳು ಗೂಡುಗಳನ್ನು ಆರಿಸಿ ಬೇರೆ ಇಡಿ.

ಇಷ್ಟೆಲ್ಲ ಮಾಡಿದರೂ ಹರಾಜಿನಲ್ಲಿ ಕಣ್ಣಳತೆಗೇ ದರ ಕಟ್ಟಿದರೆ ನಿಮ್ಮ ಶ್ರಮಕ್ಕೆ ಪೂರ್ಣ ಬೆಲೆ ಬಾರದು. ಆದ್ದರಿಂದ ನಿಮ್ಮ ಸಂಘಗಳ ಸಭೆಯಲ್ಲಿ ಎರಡು ಬೇಡಿಕೆಗಳನ್ನು ಒಟ್ಟಾಗಿ ಇಡಿ. ಮೊದಲನೆಯದು, ಗೂಡನ್ನು ಪರೀಕ್ಷಿಸಿ ಗುಣಕ್ಕೆ ತಕ್ಕ ದರ. ಎರಡನೆಯದು, ಸಣ್ಣ ರೀಲರಿಗೆ ನೂಲನ್ನು ಒತ್ತೆಯಿಟ್ಟು ಸುಲಭ ಬಡ್ಡಿಯ ಸಾಲ. ರೀಲರಿಗೆ ಸಾಲ ಕೇಳುವುದು ನಮಗೇಕೆ ಎನ್ನಬೇಡಿ. ಆತ ನಾಲ್ಕು ದಿನ ನೂಲು ಹಿಡಿದಿಟ್ಟುಕೊಳ್ಳಬಲ್ಲವನಾದರೆ, ನಿಮ್ಮ ಗೂಡನ್ನು ಕಡಿಮೆಗೆ ಕೂಗುವ ಒತ್ತಡ ಆತನಿಗಿರುವುದಿಲ್ಲ.