ಬಿಸಿಲಿಗೆ ಒಡೆದದ್ದು ಎಲ್ಲಿಗೆ ಹೋಗುತ್ತದೆ?

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಗೆ ವಾಯುಮಾಲಿನ್ಯದ ಪಾಠ ಮಾಡುತ್ತಿದ್ದೆ. ಪಠ್ಯದಾಚೆಗೆ ಒಂದು ಹೆಜ್ಜೆ ಹೋಗಿ, “ಗಾಳಿಯಲ್ಲಿರುವ ಸಾವಯವ ನೈಟ್ರೇಟುಗಳನ್ನು ಬಿಸಿಲು ಒಡೆಯುತ್ತದೆ, ಹೀಗೆ ಗಾಳಿ ಶುದ್ಧವಾಗುತ್ತದೆ” ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: “ಮಿಸ್, ಒಡೆದದ್ದು ಎಲ್ಲಿಗೆ ಹೋಗುತ್ತೆ?” ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ರಾತ್ರಿ ಓದಿದಾಗ ನನ್ನ ವಾಕ್ಯದಲ್ಲಿ ಎರಡು ತಪ್ಪುಗಳು ಕಂಡವು.

ಮೊದಲನೆಯದು ‘ಶುದ್ಧ’ ಎಂಬ ಮಾತು. ಮೀಥೈಲ್ ನೈಟ್ರೇಟನ್ನೇ ನೋಡೋಣ. ನೇರಳಾತೀತ ಕಿರಣವನ್ನು ಹೀರಿದಾಗ ಅದರ ಆಕ್ಸಿಜನ್–ನೈಟ್ರೋಜನ್ ಬಂಧ ಮುರಿದು ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ. ಅದನ್ನೂ ಬೆಳಕು ಒಡೆಯುತ್ತದೆ. ಇದಕ್ಕೆ ಸುಮಾರು 420 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ಬೆಳಕು ಸಾಕು. ಆಗ ಬೇರ್ಪಟ್ಟ ಆಕ್ಸಿಜನ್ ಪರಮಾಣು ಗಾಳಿಯ ಆಕ್ಸಿಜನ್ ಅಣುವನ್ನು ಕೂಡಿ ಓಝೋನ್ ಆಗುತ್ತದೆ. ಲಾಸ್ ಏಂಜಲೀಸ್‌ನ ಹೊಗೆಮಂಜಿನಲ್ಲಿದ್ದ ಓಝೋನ್ ಬಿಸಿಲಿನಲ್ಲೇ ತಯಾರಾಗುತ್ತದೆಂದು 1950ರ ದಶಕದ ಆರಂಭದಲ್ಲಿ ಹಾಗೆನ್-ಸ್ಮಿಟ್ ತೋರಿಸಿದ್ದರು. ನೈಟ್ರೋಜನ್ ಗಾಳಿಯಿಂದ ಹೊರಹೋಗುವುದು ಬಹುಮಟ್ಟಿಗೆ ನೈಟ್ರಿಕ್ ಆಮ್ಲವಾಗಿ ಮಳೆಯೊಂದಿಗೋ ನೇರವಾಗಿಯೋ ನೆಲ ಸೇರಿದಾಗ.

ಎರಡನೆಯದು ‘ಬಿಸಿಲು’. ನಮ್ಮ ಈ ಪದದಲ್ಲಿ ಬೆಳಕೂ ಇದೆ, ಬಿಸಿಯೂ ಇದೆ. ಮೀಥೈಲ್ ನೈಟ್ರೇಟನ್ನು ಒಡೆಯುವುದು ಬೆಳಕು. ಆದರೆ ಹೊಗೆಮಂಜಿನಲ್ಲಿ ಕಣ್ಣುರಿ ತರುವ ಪೆರಾಕ್ಸಿಅಸಿಟೈಲ್ ನೈಟ್ರೇಟನ್ನು ನೆಲದ ಬಳಿ ಮುಖ್ಯವಾಗಿ ಒಡೆಯುವುದು ಶಾಖ. ತಂಪಾದ ಎತ್ತರಕ್ಕೇರಿದರೆ ಅದು ಬಹುಕಾಲ ಉಳಿದು, ಗಾಳಿಯೊಡನೆ ಬಹುದೂರ ಸಾಗುತ್ತದೆ. ಅಲ್ಲಿ ಅದನ್ನು ಒಡೆಯುವುದರಲ್ಲಿ ಬೆಳಕಿನ ಪಾಲು ಹೆಚ್ಚು.

ಮರುದಿನ ಹುಣಸೆಬೀಜವನ್ನು ನೈಟ್ರೋಜನ್ ಎಂದೂ ಕಡಲೆಕಾಳನ್ನು ಆಕ್ಸಿಜನ್ ಎಂದೂ ಇಟ್ಟುಕೊಂಡೆವು. ಮೀಥೈಲ್ ನೈಟ್ರೇಟಿಗೆ ಒಂದು ಬೀಜ, ಮೂರು ಕಾಳು. ಉಳಿದ ಭಾಗಕ್ಕೆ ಒಂದು ಸೀಮೆಸುಣ್ಣದ ತುಂಡು. ಪ್ರತಿ ಹಂತದಲ್ಲೂ ಮಕ್ಕಳೇ ಬೇರ್ಪಡಿಸಿ ಎಣಿಸಿದರು. ಕೊನೆಗೆ ಅದೇ ಹುಡುಗಿ, “ಮಿಸ್, ಹುಣಸೆಬೀಜ ಮೇಜಿನ ಮೇಲೇ ಇದೆ!” ಎಂದಳು. ರಾಶಿ ಸಂರಕ್ಷಣಾ ನಿಯಮವನ್ನು ನಾನು ಮತ್ತೆ ಹೇಳಬೇಕಾಗಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಮಾತು. ಪಾಠಯೋಜನೆಯಲ್ಲಿ ‘ನಾಶವಾಗುತ್ತದೆ’, ‘ಶುದ್ಧವಾಗುತ್ತದೆ’ ಎಂದು ಬರೆದ ಕಡೆಯೆಲ್ಲ ಪಕ್ಕದಲ್ಲೇ ‘ಏನಾಗಿ?’ ಎಂದು ಬರೆದುಕೊಳ್ಳಿ. ಉತ್ತರ ಸಿಗದಿದ್ದರೆ ಆ ವಾಕ್ಯ ತರಗತಿಗೆ ಇನ್ನೂ ಸಿದ್ಧವಾಗಿಲ್ಲ. ನನ್ನದು ಸಿದ್ಧವಾಗಿರಲಿಲ್ಲ, ಅದನ್ನು ತೋರಿಸಿಕೊಟ್ಟವಳು ವಿದ್ಯಾರ್ಥಿನಿ.