ಗಾಡಿಯ ಮೇಲೊಂದು ಹಂಡೆ

ನೀರು ತುಂಬುವ ಹಬ್ಬದ ಸಂಜೆ ನಮ್ಮ ಕುಂದಾಣದ ಕಡೆ ಬಚ್ಚಲ ಹಂಡೆಗೆ ಎಲ್ಲಿಲ್ಲದ ಉಪಚಾರ. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಕಂಠಕ್ಕೆ ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಬಳ್ಳಿ ಸುತ್ತಿ ಹೊಸ ನೀರು ತುಂಬುತ್ತಾರೆ. ನಮ್ಮಜ್ಜಿಗೆ ಮಾತ್ರ ಹೊರಗಿನ ಮಸಿಗಿಂತ ಒಳಗಿನ ಬಿಳಿ ಪೊರೆಯದೇ ಚಿಂತೆ. ಹಂಡೆಯೊಳಗೆ ಕೈ ಇಳಿಬಿಟ್ಟು ಉಗುರಿನಲ್ಲಿ ಕೆರೆದರೆ ಅದು ಚಿಪ್ಪುಚಿಪ್ಪಾಗಿ ಏಳುತ್ತಿತ್ತು. “ಇದು ಕೂತ್ಕೊಂಡ್ರೆ ಎಷ್ಟು ಸೌದೆ ಇಟ್ರೂ ನೀರು ಕಾಯಲ್ಲ ಮಗ” ಅನ್ನುತ್ತಿದ್ದರು. ಕಾರ್ಪೆಟ್ ತೊಳೆಯುವ ಗಾಡಿಗಳಿಗೆ ಕೂರಿಸುವ ಗ್ಯಾಸ್ ಹೀಟರ್ ಬಗ್ಗೆ ತಿಳಿದುಕೊಳ್ಳುತ್ತಾ ಹೋದಂತೆಲ್ಲ ಆ ಮಾತು ಮತ್ತೆಮತ್ತೆ ನೆನಪಾಯಿತು.

ಅಮೆರಿಕದಲ್ಲಿ 1970ರ ದಶಕದಿಂದ ಬಳಕೆಗೆ ಬಂದ ಗಾಡಿ ಇದು. ವ್ಯಾನಿನೊಳಗೆ ನೀರಿನ ಟ್ಯಾಂಕು, ಪಂಪು, ಹೀಟರು, ಕೊಳೆನೀರು ಹೀರುವ ಯಂತ್ರ ಎಲ್ಲವೂ ಇರುತ್ತವೆ. ಉದ್ದನೆಯ ಪೈಪು ಮನೆಯೊಳಗೆ ಹೋಗುತ್ತದೆ. ಕೈಹಿಡಿಯ ತುದಿಯಿಂದ ಬಿಸಿನೀರು ಚಿಮ್ಮಿ ಕಾರ್ಪೆಟ್ಟಿನ ಬುಡಕ್ಕೆ ಇಳಿದದ್ದೇ ತಡ, ಪಕ್ಕದ ಬಾಯಿ ಅದನ್ನು ಕೊಳೆಸಮೇತ ಹೀರಿಕೊಳ್ಳುತ್ತದೆ. ಜಮಖಾನವಾದರೆ ಕೆರೆಗೆ ಹೊತ್ತೊಯ್ದು ಬಡಿದು ಒಗೆಯಬಹುದು. ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ಟನ್ನು ಎತ್ತುವುದೆಲ್ಲಿ? ನೀರೇ ಅದರ ಬಳಿ ಹೋಗಬೇಕು. 2008ರಲ್ಲಿ ದೇವನಹಳ್ಳಿಗೆ ವಿಮಾನ ಇಳಿಯತೊಡಗಿದ ಮೇಲೆ ಹೋಟೆಲು, ಕಚೇರಿ, ವಿಲ್ಲಾಗಳು ಈ ಕಡೆಗೂ ಬಂದವು. ಜಿಲ್ಲಾಡಳಿತ ಭವನವೇ ನಮ್ಮ ಹೋಬಳಿಯ ಬೀರಸಂದ್ರಕ್ಕೆ ಬಂದು ಕೂತಿದೆ. ಇಂಥ ಗಾಡಿ ಕಟ್ಟುವ ಯೋಚನೆ ಇಲ್ಲಿನ ಹುಡುಗರಿಗೆ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಅವರಿಗೆ ಮೊದಲು ಎದುರಾಗುವ ಪ್ರಶ್ನೆ, ಕರೆಂಟ್ ಗೀಸರ್ ಯಾಕಾಗದು ಎಂಬುದು. ಲೆಕ್ಕ ಸುಲಭ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು. ನಿಮಿಷಕ್ಕೆ 5 ಲೀಟರ್ ನೀರನ್ನು 25 ಡಿಗ್ರಿಯಿಂದ ಹೀಟರ್ ಮಾರುವವರು ಹೇಳುವ 90ಕ್ಕೆ ಏರಿಸಲು 325 ಕಿಲೋಕ್ಯಾಲರಿ. ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 23 ಕಿಲೋವಾಟ್. ಮನೆಯ ಗೀಸರ್ 2 ಅಥವಾ 3 ಕಿಲೋವಾಟಿನದು. ಗಿರಾಕಿಯ ಮನೆಯ ಪ್ಲಗ್ಗಿನಿಂದ ಇಷ್ಟು ಶಾಖ ತೆಗೆಯುವುದು ಆಗದ ಮಾತು. ಹಂಡೆಯ ಹಾಗೆ ಮೊದಲೇ ಕಾಯಿಸಿ ತುಂಬಿಕೊಂಡು ಹೋಗೋಣವೆಂದರೆ ದಾರಿಯುದ್ದಕ್ಕೂ ಶಾಖ ಆರುತ್ತಾ ಹೋಗುತ್ತದೆ. ಹರಿಯುವಾಗಲೇ ಕಾಯಿಸಬೇಕು ಎನ್ನುವುದಾದರೆ ಉರಿಯೇ ಸಲೀಸು.

ಅಮೆರಿಕದಲ್ಲಿ ಇಂಥ ಗ್ಯಾಸ್ ಹೀಟರಿನ ಉರಿ ಸಾಮಾನ್ಯವಾಗಿ ಪ್ರೋಪೇನಿನದು. ನಮ್ಮ ಸಿಲಿಂಡರಿನಲ್ಲಿರುವುದು ಪ್ರೋಪೇನ್, ಬ್ಯುಟೇನ್ ಬೆರೆತ ಎಲ್‌ಪಿಜಿ. ಈ ವ್ಯತ್ಯಾಸ ಚಿಕ್ಕದಲ್ಲ. ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿದು ಅನಿಲವಾಗುತ್ತದೆ. ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಸಿಲಿಂಡರಿನೊಳಗಿನ ದ್ರವ ಅನಿಲವಾಗಲು ಬೇಕಾದ ಶಾಖವನ್ನು ಸಿಲಿಂಡರಿನ ಮೈಯಿಂದಲೇ ಎಳೆದುಕೊಳ್ಳುತ್ತದೆ. ಮದುವೆ ಮನೆಯ ಅಡುಗೆ ಭಟ್ಟರನ್ನು ಕೇಳಿ: ದೊಡ್ಡ ಬರ್ನರಿಗೆ ಒಂದೇ ಸಿಲಿಂಡರ್ ಹಾಕಿದರೆ ಸ್ವಲ್ಪ ಹೊತ್ತಿಗೇ ಅದು ಬೆವರಿ ತಣ್ಣಗಾಗುತ್ತದೆ, ಒಳಗೆ ಗ್ಯಾಸ್ ಇದ್ದೂ ಉರಿ ಸೊರಗುತ್ತದೆ. 90 ಡಿಗ್ರಿಯ ನೀರು ಬೇಕೆಂದರೆ ಗಂಟೆಗೆ ಎರಡು ಕಿಲೋಗೂ ಮೇಲ್ಪಟ್ಟು ಗ್ಯಾಸ್ ಉರಿಯಬೇಕು. ಅದಕ್ಕೆ 19 ಕಿಲೋದ ಎರಡು ಮೂರು ಸಿಲಿಂಡರ್ ಜೋಡಿಸಲೇಬೇಕು. ಮನೆಯ 14.2 ಕಿಲೋದ ಸಿಲಿಂಡರನ್ನು ದುಡಿಮೆಗೆ ಬಳಸುವಂತಿಲ್ಲ.

ಹೀಟರಿನ ಒಳಗೆ ಇರುವುದು ಒಂದು ಬರ್ನರ್, ಅದರ ಮೇಲೆ ಸುತ್ತಿದ ಕೊಳವೆಯ ಸುರುಳಿ, ಹೊಗೆ ಹೋಗಲು ಚಿಮಣಿ. ಇಷ್ಟೇ ತಾನೆ, ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸೋಣ ಅನ್ನಿಸುತ್ತದೆ. ಇಲ್ಲಿ ನಾನು ಗಟ್ಟಿಯಾಗಿಯೇ ಬೇಡ ಅನ್ನುತ್ತೇನೆ. ಕೈಹಿಡಿಯ ಗುಂಡಿ ಬಿಟ್ಟ ಕ್ಷಣ ನೀರಿನ ಹರಿವು ನಿಲ್ಲುತ್ತದೆ, ಉರಿ ನಿಲ್ಲುವುದಿಲ್ಲ. ಸುರುಳಿಯಲ್ಲಿ ನಿಂತ ನೀರು ಕಾದು ಆವಿಯಾಗಲು ನೋಡುತ್ತದೆ. ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಕೇಳುತ್ತದೆ. ಹರಿವು ನಿಂತೊಡನೆ ಗ್ಯಾಸ್ ಕಡಿಯುವ ಸ್ವಿಚ್ಚು, ಶಾಖ ಮೀರಿದರೆ ಆರಿಸುವ ಥರ್ಮೋಸ್ಟಾಟ್, ಇವೆರಡೂ ಕೈಕೊಟ್ಟರೆ ಕುಕ್ಕರಿನ ಸೇಫ್ಟಿ ವಾಲ್ವಿನ ಹಾಗೆ ಒತ್ತಡ ಬಿಡುವ ವಾಲ್ವು: ಈ ಮೂರೂ ಪರೀಕ್ಷೆಯಾಗಿ ಬಂದಿರಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ! ಮುಚ್ಚಿದ ವ್ಯಾನೂ ಅಂಥದೇ ಬಚ್ಚಲು. ಸೋರಿದ ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ತಂಗುತ್ತದೆ. ಗಾಳಿಕಿಂಡಿ ಮೇಲೆ ಮಾತ್ರವಲ್ಲ, ಗಾಡಿಯ ತಳದಲ್ಲೂ ಬೇಕು.

ಅಂಗಡಿಯ 6 ಲೀಟರಿನ ಗ್ಯಾಸ್ ಗೀಸರನ್ನೇ ತಂದು ಕೂರಿಸಿದರೆ? ಮೂರು ಅಂತಸ್ತಿನ ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಗೀಸರನ್ನು ಮಾಡಿರುವುದು ಮನೆಯ ನಲ್ಲಿಯ ಇಂಥ ಒತ್ತಡಕ್ಕೆ. ಕಾರ್ಪೆಟ್ ಪಂಪು ತಳ್ಳುವುದು ಇಪ್ಪತ್ತರಿಂದ ಮೂವತ್ತೈದು ಕಿಲೋ ಒತ್ತಡದಲ್ಲಿ. ಪಂಪಿನ ಮುಂದೆ, ಅದು ನೀರು ತಳ್ಳುವ ಕಡೆ ಇಟ್ಟರೆ ಗೀಸರ್ ಒಡೆದೇ ಹೋಗುತ್ತದೆ. ಅಲ್ಲಿಗೆ ಆ ಒತ್ತಡ ತಡೆಯುವ ಸುರುಳಿಯ ಹೀಟರೇ ಆಗಬೇಕು.

ಇನ್ನು ಎಷ್ಟು ಬಿಸಿ ಎಂಬ ಮಾತು. ಮಾರುವವರು 90, 100 ಡಿಗ್ರಿ ಎಂದು ಹೊಗಳುತ್ತಾರೆ. ವಿಮಾನ ನಿಲ್ದಾಣವಿರುವುದು ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿ. ಈ ಎತ್ತರದಿಂದಾಗಿ ನಮ್ಮ ಒಲೆಯ ಮೇಲೆ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಬಿಸಿ ಯಾವ ಬಟ್ಟೆಗೆ ಬೇಕು? ಉಣ್ಣೆಗೆ ಬಿಸಿ, ತೇವ, ಉಜ್ಜು ಮೂರೂ ಒಟ್ಟಿಗೆ ಬಿದ್ದರೆ ಎಳೆ ಎಳೆಗೆ ಹೆಣೆದುಕೊಂಡು ಮುದುಡುತ್ತದೆ. ಕಂಬಳಿ ನೇಯುವ ಕುರುಬರ ಮನೆಯಲ್ಲಿ ಇದು ಮಕ್ಕಳಿಗೂ ಗೊತ್ತು. ರೇಷ್ಮೆಗೆ ತಣ್ಣೀರೇ ಕ್ಷೇಮ. ನವಲಗುಂದದ ಹತ್ತಿ ಜಮಖಾನದ ಬಣ್ಣವನ್ನು ಮೊದಲು ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಬೇಕು. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯ ಕೆಲಸಕ್ಕೆ 60 ಡಿಗ್ರಿ ಧಾರಾಳ ಸಾಕು. ಜಿಡ್ಡು ಅಷ್ಟಕ್ಕೇ ಕರಗುತ್ತದೆ. ಗಂಟೆಗೆ ಎರಡು ಕಿಲೋಗೂ ಮೇಲಿದ್ದ ಗ್ಯಾಸ್ ಖರ್ಚು 1.2 ಕಿಲೋಗೆ ಇಳಿಯುತ್ತದೆ. ಒಂದು 19 ಕಿಲೋದ ಸಿಲಿಂಡರಿನಲ್ಲಿ ಸುಮಾರು ಹದಿನಾರು ಗಂಟೆಯ ಕೆಲಸ. ಸಿಲಿಂಡರ್ ಬೆವರುವುದೂ ಕಡಿಮೆ.

ಅದಕ್ಕಿಂತ ದೊಡ್ಡ ಕಾರಣ ಅಜ್ಜಿಯ ಹಂಡೆಯಲ್ಲಿದೆ. ನಮ್ಮದು ಆಳದ ಬೋರಿನ ಗಡಸು ನೀರು. ನೀರು ಬಿಸಿಯೇರಿದಷ್ಟೂ ಅದರಲ್ಲಿ ಕರಗಿದ್ದ ಸುಣ್ಣ ಹೊರಬೀಳುತ್ತದೆ. 60 ದಾಟಿದ ಮೇಲಂತೂ ಬಿರುಸಾಗಿ. ಹಂಡೆಯಾದರೆ ಕೈಹಾಕಿ ಕೆರೆಯಬಹುದು, ಬೆರಳಗಲದ ಸುರುಳಿಗೆ ಕೈ ಹೋಗುವುದಿಲ್ಲ. ಪೊರೆ ದಪ್ಪವಾದಂತೆ ಉರಿಯ ಶಾಖ ನೀರಿಗೆ ತಲುಪದೆ ಲೋಹದಲ್ಲೇ ನಿಂತು ಸುರುಳಿ ಸುಟ್ಟು ತೂತಾಗುತ್ತದೆ. ಹೀಟರ್ ಕೊಳ್ಳುವ ಮೊದಲೇ ನೀರು ಪರೀಕ್ಷೆ ಮಾಡಿಸಿ, ಟ್ಯಾಂಕಿನ ಬಾಯಿಗೆ ಸಾಫ್ಟ್‌ನರ್ ಇಡುವುದು ಮೇಲು. ಅದಿಲ್ಲದವರು ತಿಂಗಳಿಗೊಮ್ಮೆ ಹೀಟರ್ ಆರಿಸಿ, ಒಂದು ಬಕೆಟ್ ನೀರಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕಲಸಿ ಸುರುಳಿಯ ಮೂಲಕ ಅರ್ಧ ಗಂಟೆ ಸುತ್ತಿಸಬೇಕು. ಮೊದಲು ಸಣ್ಣಗೆ ನೊರೆ ಏಳುತ್ತದೆ, ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಗಿ ಬರುತ್ತದೆ. ನೊರೆ ಪೂರ್ತಿ ನಿಂತ ಮೇಲೆ ತಿಳಿನೀರು ಹಾಯಿಸಿ, ಸುರುಳಿ ಬಸಿದು, ಮಾರನೆಯ ದಿನಕ್ಕೆ ಗಾಡಿ ಸಿದ್ಧ ಮಾಡಿಟ್ಟುಕೊಳ್ಳಬಹುದು.