ದ್ರಾಕ್ಷಿ, ಉಷ್ಣ ಮತ್ತು ನೀರಿನ ಲೆಕ್ಕ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ವಿಜ್ಞಾನ ಶಿಕ್ಷಕರು ಸೇರಿದ್ದ ಶಿಬಿರವೊಂದರಲ್ಲಿ ಜಗಳೂರು ಕಡೆಯ ಶಿಕ್ಷಕರೊಬ್ಬರು ಕೇಳಿದರು: "ಸಾರ್, ಭದ್ರಾ ನಾಲೆಯ ಕಡೆಯವರಂತೆ ನಾವು ಅಡಿಕೆ ಬೆಳೆಯಲಾರೆವು. ನಂದಿಬೆಟ್ಟದ ಕಡೆಯಂತೆ ವೈನ್ ದ್ರಾಕ್ಷಿ ಹಾಕಿದರೆ ಹೇಗೆ? ಅದು ಪರಿಸರಸ್ನೇಹಿ ಎನ್ನುತ್ತಾರಲ್ಲ?" ಪರಿಸರಸ್ನೇಹಿ ಎಂಬುದು ಸೀಸೆಯ ಮೇಲೆ ಅಂಟಿಸುವ ಚೀಟಿಯಲ್ಲ, ಅದು ಉಷ್ಣ ಮತ್ತು ನೀರಿನ ಲೆಕ್ಕ. ಆ ಲೆಕ್ಕವನ್ನು ತರಗತಿಯಲ್ಲೇ ಮಾಡಬಹುದು.

ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಬಳಿ, ಗ್ರೋವರ್ ಸಂಸ್ಥೆ 1988ರಲ್ಲಿ ಫ್ರೆಂಚ್ ತಳಿಯ ಬಳ್ಳಿಗಳನ್ನು ನೆಟ್ಟಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ನಂದಿ ಕಣಿವೆ ಹಾಗೂ ವಿಜಯಪುರ, ಬಾಗಲಕೋಟೆಗಳ ಕೃಷ್ಣಾ ಕಣಿವೆ ರಾಜ್ಯದ ಮುಖ್ಯ ವೈನ್ ಪ್ರದೇಶಗಳು.

ಮೊದಲು ಉಷ್ಣದ ಲೆಕ್ಕ. ಯೀಸ್ಟ್ ಜೀವಿಗಳು ಹಣ್ಣಿನ ಸಕ್ಕರೆಯನ್ನು ಮದ್ಯಸಾರ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತವೆ. ಒಂದು ಮೋಲ್, ಅಂದರೆ 180 ಗ್ರಾಮ್ ಗ್ಲೂಕೋಸ್ ಒಡೆದಾಗ ಸುಮಾರು 100 ಕಿಲೋಜೂಲ್ ಉಷ್ಣ ಹೊರಬರುತ್ತದೆ. ಒಂದು ಲೀಟರ್ ರಸದಲ್ಲಿ ಹೆಚ್ಚುಕಡಿಮೆ ಇಷ್ಟೇ ಸಕ್ಕರೆ ಇರುತ್ತದೆ. ಆ ರಸದ ತಾಪವನ್ನು 1° ಸೆ ಏರಿಸಲು ಸುಮಾರು 4 ಕಿಲೋಜೂಲ್ ಸಾಕು. ಉಷ್ಣ ಹೊರಹೋಗದಿದ್ದರೆ ತಾಪ 25° ಸೆ ಏರಬೇಕು! 25° ಸೆ ಇದ್ದ ರಸ 50° ಸೆ ಮುಟ್ಟುವ ಮೊದಲೇ, 40° ಸೆ ಆಸುಪಾಸಿನಲ್ಲಿ, ಯೀಸ್ಟ್ ಸಾಯುತ್ತದೆ.

ಚಿಕ್ಕ ಪಾತ್ರೆಯಲ್ಲಿ ಹೀಗಾಗುವುದಿಲ್ಲ. ಏಕೆ? ಉಷ್ಣ ಹುಟ್ಟುವುದು ಗಾತ್ರಕ್ಕೆ ಅನುಗುಣವಾಗಿ, ಹೊರಹೋಗುವುದು ಮೇಲ್ಮೈಗೆ ಅನುಗುಣವಾಗಿ. ಪಾತ್ರೆಯ ಉದ್ದ, ಅಗಲ, ಎತ್ತರ ಹತ್ತು ಪಟ್ಟಾದರೆ ಗಾತ್ರ ಸಾವಿರ ಪಟ್ಟು, ಮೇಲ್ಮೈ ನೂರು ಪಟ್ಟು ಮಾತ್ರ. ಆದ್ದರಿಂದ ದೊಡ್ಡ ತೊಟ್ಟಿಗಳಿಗೆ ಶೀತಕ ಯಂತ್ರ ಬೇಕು. ಬಿಳಿ ವೈನ್ ಅನ್ನು ಸಾಮಾನ್ಯವಾಗಿ 12°ರಿಂದ 18° ಸೆ ತಾಪದಲ್ಲಿ ಹುದುಗಿಸುತ್ತಾರೆ. ನಮ್ಮಲ್ಲಿ ಕೊಯ್ಲು ಬರುವುದು ಬಿಸಿಲೇರುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ.

ಇಲ್ಲಿ ಪ್ರಕೃತಿಯ ನೆರವು ಪಡೆಯಬಹುದು. 30° ಸೆ ತಾಪದ ಒಂದು ಟನ್ ಹಣ್ಣನ್ನು 18° ಸೆಗೆ ಇಳಿಸಲು ಸುಮಾರು 43,000 ಕಿಲೋಜೂಲ್, ಎಂದರೆ 12 ಯೂನಿಟ್ ಉಷ್ಣವನ್ನು ತೆಗೆಯಬೇಕು. ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಉಷ್ಣ ತೆಗೆಯುವ ಯಂತ್ರಕ್ಕೂ 4 ಯೂನಿಟ್ ವಿದ್ಯುತ್ ಬೇಕು. ಹಣ್ಣನ್ನು ಬೆಳಗಿನ ಜಾವದ ತಂಪಿನಲ್ಲೇ ಕೊಯ್ದರೆ ಇದರಲ್ಲಿ ಬಹುಪಾಲು ಉಳಿಯುತ್ತದೆ. ಬೆಲೆಯಿಲ್ಲದೆ ತಂಪು ಮಾಡುವ ಯಂತ್ರವೆಂದರೆ ರಾತ್ರಿ!

ಇನ್ನು ನೀರಿನ ಲೆಕ್ಕ. ಹಣ್ಣಾಗುವ ಸಮಯದಲ್ಲಿ ನೀರನ್ನು ತುಸು ತಗ್ಗಿಸಿದರೆ ಕಾಳುಗಳು ಚಿಕ್ಕದಾಗಿ, ಬಣ್ಣ ಮತ್ತು ರುಚಿಯ ಪದಾರ್ಥಗಳು ಸಾಂದ್ರವಾಗುತ್ತವೆ. ಹನಿ ನೀರಾವರಿಯಿಂದ ಇದು ಸಾಧ್ಯ. ಒಣ ಹವೆಯಲ್ಲಿ ಶಿಲೀಂಧ್ರ ರೋಗವೂ ಕಡಿಮೆ. ಇಷ್ಟು ಜಗಳೂರಿಗೆ ಅನುಕೂಲ. ಆದರೆ ಶೀತ ದೇಶಗಳಲ್ಲಿ ಚಳಿಗಾಲದಲ್ಲಿ ನಿದ್ರಿಸುವ ಬಳ್ಳಿ ನಮ್ಮಲ್ಲಿ ನಿದ್ರಿಸುವುದಿಲ್ಲ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ, ಅದನ್ನು ಸವರಬೇಕು. ಏಪ್ರಿಲ್ ಸವರುವಿಕೆಯ ನಂತರ ಚಿಗುರುವ ಬಳ್ಳಿ ನೀರು ಕೇಳುವುದು ಕೊಳವೆಬಾವಿಗಳು ಬತ್ತುವ ಬೇಸಿಗೆಯಲ್ಲೇ. ಇದರ ಜೊತೆಗೆ ತೊಟ್ಟಿ ತೊಳೆಯಲು ಒಂದು ಲೀಟರ್ ವೈನಿಗೆ ಹಲವು ಲೀಟರ್ ನೀರು ಬೇಕು. ಸಕ್ಕರೆಯಂಶವುಳ್ಳ ಆ ತೊಳೆನೀರನ್ನು ಹಾಗೆಯೇ ಕೆರೆಗೆ ಬಿಟ್ಟರೆ ಅದನ್ನು ಒಡೆಯುವ ಸೂಕ್ಷ್ಮಜೀವಿಗಳು ನೀರಿನ ಆಕ್ಸಿಜನ್ ಬಳಸಿಕೊಂಡು ಮೀನುಗಳು ಸಾಯುತ್ತವೆ. ಶುದ್ಧೀಕರಿಸಿದರೆ ಅದೇ ನೀರು ತೋಟಕ್ಕೆ, ಹಿಂಡಿದ ಸಿಪ್ಪೆ, ಬೀಜಗಳು ಗೊಬ್ಬರಕ್ಕೆ.

ಹಾಗಾಗಿ ಆ ಶಿಕ್ಷಕರಿಗೆ ನಾನು ಹೇಳಿದ್ದಿಷ್ಟು: ಮಳೆಗಾಲದಲ್ಲಿ ಕೃಷಿಹೊಂಡದಲ್ಲಿ ಹಿಡಿದ ನೀರು ಆವಿಯಾಗಿ ಹೋದದ್ದನ್ನು ಕಳೆದು ಏಪ್ರಿಲ್, ಮೇ ತಿಂಗಳುಗಳಿಗೆ ಸಾಕಾಗುವುದೇ ಎಂದು ಮೊದಲು ಲೆಕ್ಕ ಹಾಕಿ. ಸಾಕಾದರೆ ದ್ರಾಕ್ಷಿಯ ಮಾತು. ಹೊಸ ಕೊಳವೆಬಾವಿ ಕೊರೆದೇ ಬೆಳೆಯಬೇಕಾದರೆ ಅದನ್ನು ಸುಸ್ಥಿರ ಎನ್ನಲಾಗದು.

ಮಾಡಿ ನೋಡಿ: ಎರಡು ಥರ್ಮಾಸ್ ಫ್ಲಾಸ್ಕುಗಳಲ್ಲಿ ಕೋಣೆಯ ತಾಪದ ಅರ್ಧರ್ಧ ಲೀಟರ್ ನೀರು ಹಾಕಿ. ಒಂದಕ್ಕೆ ಮಾತ್ರ 50 ಗ್ರಾಮ್ ಸಕ್ಕರೆ, ಒಂದು ಚಮಚ ಬ್ರೆಡ್ ಯೀಸ್ಟ್ ಬೆರೆಸಿ. ಅನಿಲ ಹೊರಹೋಗಬೇಕಾದ್ದರಿಂದ ಬಿರಡೆ ಬೇಡ, ಹತ್ತಿಯಿಂದ ಬಾಯಿ ಮುಚ್ಚಿ. ಗಂಟೆಗೊಮ್ಮೆ ತಾಪ ಬರೆದುಕೊಂಡು ನಕ್ಷೆ ಎಳೆಯಿರಿ. ಪ್ರಯೋಗ ಮುಗಿದ ಮೇಲೆ ದ್ರಾವಣವನ್ನು ಗೊಬ್ಬರದ ಗುಂಡಿಗೆ ಚೆಲ್ಲಿ.